ಬಿಳಿ ಕಾರಿನ ಮೂತಿಗೆ ಹಚ್ಚಿದ ಹಕ್ಕಿ ಬಿಲ್ಲೆ

ಮಾನ್ಯ ಓದುಗರ ಸನ್ನಿಧಿಗೆ,

ವಿಷಯ: ಹಳೆಯ ಓಟದ ಕಾರಿನ ಬಿಲ್ಲೆಯನ್ನು ನಮ್ಮ ಮನೆಯ ಮಾಮೂಲಿ ಕಾರಿಗೆ ಹಚ್ಚಿದ್ದು ಸರಿಯೇ ಎಂಬ ಬಗ್ಗೆ.

ವಿಷಯಕ್ಕೆ ಬರುವ ಮುನ್ನ ಕ್ಷಮೆ ಕೋರುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಮದುವೆಗೆ ಮುಂಚೆ ನಾನು ಚಳ್ಳಕೆರೆಯಲ್ಲಿ, ತಾಲ್ಲೂಕು ಕಚೇರಿಯ ಎದುರಿಗಿದ್ದ ಬೆರಳಚ್ಚು ಅಂಗಡಿಯಲ್ಲಿ ಇತರರ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದವಳು. ಯಂತ್ರದ ಮೇಲೆ ಸರಾಗವಾಗಿ ಓಡುತ್ತಿದ್ದ ಬೆರಳುಗಳು ಪೆನ್ನು ಹಿಡಿದ ಕೂಡಲೇ ತಡವರಿಸುತ್ತವೆ. ಆದಕಾರಣ ಕೈಬರಹ ಅಂದವಾಗಿಲ್ಲ. ಮನೆಯಲ್ಲಿ ಉರ್ದು ಆಡುವ ಕುಟುಂಬದವಳಾದ್ದರಿಂದ ಕಾಗುಣಿತದಲ್ಲಿಯೂ ದೋಷಗಳು ನುಸುಳಿರುವ ಸಂಭವವಿದೆ. ಬೇರೆಯವರ ಕಷ್ಟಸುಖವನ್ನು ಬಹಳ ಕಾಲ ಟೈಪ್ ಮಾಡಿದ್ದೇನೆ. ನನ್ನದನ್ನು ಬರೆಯುತ್ತಿರುವುದು ಇದೇ ಮೊದಲು. ಅರ್ಜಿಯ ಧಾಟಿ ಬಿಟ್ಟು ಬೇರೆ ಧಾಟಿ ತಿಳಿಯದ ಕಾರಣ ಇದೇ ಧಾಟಿಯಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ದಯಮಾಡಿ ಮನ್ನಿಸುವುದು.

ನನ್ನ ಅಬ್ಬಾ ಚಳ್ಳಕೆರೆಯಲ್ಲಿ ಕಾರು ರಿಪೇರಿ ಮಾಡುತ್ತಿದ್ದರು. ಬಳ್ಳಾರಿ ರಸ್ತೆಯಲ್ಲಿ ಎಣ್ಣೆ ಗಿರಣಿಗಳ ಸಾಲು ಮುಗಿಯುವಲ್ಲಿ ಅವರ ಗ್ಯಾರೇಜು ಇತ್ತು. ಅವರು ಮನೆಗೆ ಬಂದರೆ ಗ್ರೀಸಿನ ವಾಸನೆಯ ಜೊತೆಗೆ ಶೇಂಗಾ ಹಿಂಡಿಯ ವಾಸನೆಯೂ ಒಳಗೆ ಬರುತ್ತಿತ್ತು. ಆ ಗ್ಯಾರೇಜು ಸಾಲಿನಲ್ಲಿ ಒಂದು ಪದ್ಧತಿ ಇದ್ದುದನ್ನು ಇಲ್ಲಿ ತಿಳಿಸುವುದು ಅವಶ್ಯ. ಒಬ್ಬರೇ ಉಸ್ತಾದರು, ಅಂದರೆ ಗ್ಯಾರೇಜಿನ ಹಿರಿಯ ಮೆಕ್ಯಾನಿಕರು, ಬಹುಕಾಲ ನೋಡಿಕೊಂಡ ಗಾಡಿ ಕೊನೆಗೆ ಗುಜರಿಗೆ ಹೋಗುವ ದಿನ, ಮಾಲೀಕರು ಅದರ ಮೂತಿಯ ಮೇಲಿನ ಕಂಪನಿಯ ಗುರುತಿನ ಬಿಲ್ಲೆಯನ್ನು ಬಿಚ್ಚಿಸಿ ಉಸ್ತಾದರ ಕೈಗೆ ಕೊಡುತ್ತಿದ್ದರು. ಉಸ್ತಾದರು ಅದನ್ನು ಗ್ಯಾರೇಜಿನ ಗೋಡೆಗೆ ಹೊಡೆಯುತ್ತಿದ್ದರು. ಅದನ್ನು ಕೇಳಿ ಪಡೆಯುವಂತಿರಲಿಲ್ಲ. ಮಾಲೀಕರಿಗೆ ಕೆಲಸ ಸಮಾಧಾನ ತಂದಿರದಿದ್ದರೆ ಬಿಲ್ಲೆಯೂ ಗಾಡಿಯ ಸಮೇತ ಗುಜರಿಗೇ ಹೋಗುತ್ತಿತ್ತು. ಹೊಸ ಗಿರಾಕಿಗಳು ಗ್ಯಾರೇಜಿನೊಳಗೆ ಕಾಲಿಟ್ಟರೆ ಉಸ್ತಾದರ ಮುಖಕ್ಕಿಂತ ಮೊದಲು ಗೋಡೆಯನ್ನು ನೋಡುತ್ತಿದ್ದರು. ಗೋಡೆಗೆ ಬಂದ ಬಿಲ್ಲೆ ಮತ್ತೆ ಯಾವ ಗಾಡಿಗೂ ಹತ್ತಬಾರದು ಎಂಬುದೂ ಆ ಪದ್ಧತಿಯೊಳಗೇ ಸೇರಿತ್ತು.

ಅಬ್ಬಾರ ಗೋಡೆಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಹಕ್ಕಿ ಬಿಲ್ಲೆ.

ಗಿರಣಿಯ ಸಾಹುಕಾರರೊಬ್ಬರ ಬಳಿ ಇಬ್ಬರು ಮಾತ್ರ ಕೂರಬಹುದಾದ, ಮೇಲೆ ಬಟ್ಟೆಯ ಚಾವಣಿಯ, ವಿದೇಶದ ಓಟದ ಕಾರೊಂದಿತ್ತು. ಅವರ ಯೌವನದಲ್ಲಿ ಕೊಂಡದ್ದು. ಅದರ ಮೂತಿಯಲ್ಲಿ ಅಂಗೈಯಗಲದ ನೀಲಿ ಬಿಲ್ಲೆ, ಬಿಲ್ಲೆಯಲ್ಲಿ ರೆಕ್ಕೆಯನ್ನು ಹಿಂದಕ್ಕೆ ಮಡಿಸಿ ನುಗ್ಗುವ ಬಿಳಿ ಹಕ್ಕಿ. ಕಂಪನಿಯ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ‘ಹಕ್ಕಿ ಗಾಡಿ’ ಎಂದರೆ ಅತ್ತ ನಾಯಕನಹಟ್ಟಿಯಲ್ಲೂ ಇತ್ತ ಮೊಳಕಾಲ್ಮೂರಿನಲ್ಲೂ ತಿಳಿಯುತ್ತಿತ್ತು. ಅದರ ಬಿಡಿಭಾಗಗಳು ಎಲ್ಲಿಯೂ ಸಿಗದ ಕಾರಣ ಅಬ್ಬಾ ಒಂದೊಂದನ್ನೂ ಲೇತ್‌ನಲ್ಲಿ ಮಾಡಿಸಿ ಹಾಕುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ತುಕ್ಕು ಅದರ ಅಡಿಯನ್ನೆಲ್ಲ ತಿಂದುಬಿಟ್ಟಿತು. ಗುಜರಿಯವರು ಬಂದ ದಿನ ಸಾಹುಕಾರರು ಹೊರಗೆ ಬರಲಿಲ್ಲ. ಸಾಯಂಕಾಲ ಟವೆಲಿನಲ್ಲಿ ಸುತ್ತಿದ ಬಿಲ್ಲೆಯನ್ನು ಹಿಡಿದು ತಾವೇ ಗ್ಯಾರೇಜಿಗೆ ಬಂದರು.

“ತಗೊಳ್ರಿ ಸಾಬ್ರೆ, ಇದು ನಿಮ್ ಗೋಡೆದು,” ಎಂದಷ್ಟೇ ಹೇಳಿ, ಚಹಾ ಸಹ ಕುಡಿಯದೆ ಹೊರಟರು.

ನಮ್ಮ ಮನೆಯಲ್ಲಿಯೂ ಒಂದು ಕಾರಿತ್ತು. ನಾಲ್ಕು ಬಾಗಿಲಿನ, ಬಿಳಿ ಬಣ್ಣದ, ಯಾರೋ ಓಡಿಸಿ ಬಿಟ್ಟಿದ್ದನ್ನು ಅಬ್ಬಾ ಸರಿಪಡಿಸಿಕೊಂಡದ್ದು. ರಸ್ತೆಯಲ್ಲಿ ಹತ್ತು ಕಾರು ಹೋದರೆ ಆರು ಅಂಥವೇ ಇರುತ್ತಿದ್ದವು. ಅದರ ಸ್ವಂತ ಬಿಲ್ಲೆಯನ್ನು ನಾಯಕನಹಟ್ಟಿಯ ಬಸ್ ನಿಲ್ದಾಣದಲ್ಲಿ ಯಾರೋ ಕಿತ್ತುಕೊಂಡು ಹೋಗಿದ್ದರು. ಅದು ಇದ್ದ ಕಡೆ ಒಂದು ದುಂಡನೆಯ ಹಳ್ಳ, ಎರಡು ತೂತು ಮಾತ್ರ ಉಳಿದಿದ್ದವು.

ಹೀಗಿರುವಲ್ಲಿ ದಶಕದ ಕೊನೆಗೆ ನನ್ನ ಮದುವೆಯ ಮಾತು ಬಂತು. ಅದಕ್ಕೆ ಮುಂಚೆ ಒಂದು ಸಂಬಂಧ ಕೂಡಿಬಂದಂತೆಯೇ ಆಗಿ, “ಗ್ರೀಸ್ ಕೈಯವರ ಮನೆ” ಎಂಬ ಮಾತು ಹೊರಬಿದ್ದು ಮುರಿದಿತ್ತು. ಅಬ್ಬಾ ಆ ಮಾತನ್ನು ನನ್ನೆದುರು ಎಂದೂ ಎತ್ತಲಿಲ್ಲ. ಆದರೆ ಅಂದಿನಿಂದ ಊಟಕ್ಕೆ ಕೂರುವ ಮುಂಚೆ ಸೀಮೆಎಣ್ಣೆಯಲ್ಲಿ ಒಮ್ಮೆ, ಸೋಪಿನಲ್ಲಿ ಎರಡು ಬಾರಿ ಕೈ ತೊಳೆಯುತ್ತಿದ್ದರು. ಈಗ ಬಂದ ಸಂಬಂಧ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಗಳ ಮನೆಯದು. ಹುಡುಗನನ್ನು ನಾನು ಒಮ್ಮೆ ದೂರದಿಂದ ನೋಡಿದ್ದೆ. ಬೇಡವೆನ್ನಲು ನನ್ನಲ್ಲಿ ಕಾರಣವಿರಲಿಲ್ಲವೆಂದು ಮಾತ್ರ ಇಲ್ಲಿ ನಮೂದಿಸುತ್ತೇನೆ.

ಅವರು ನೋಡಲು ಬರುವ ಹಿಂದಿನ ದಿನ ಅಮ್ಮಿ ಕಾರಿನ ಮುಂದೆ ನಿಂತು ರಾಗ ಎಳೆದರು. “ಮೂಗಿಲ್ಲದ ಮುಖ. ಬಂದವರು ಬಾಗಿಲಲ್ಲಿ ಮೊದಲು ಇದನ್ನೇ ನೋಡೋದು. ಊರಿನ ಗಾಡಿಗೆಲ್ಲ ಬಿಡಿಭಾಗ ಮಾಡಿಸ್ತೀರಿ, ಸ್ವಂತದಕ್ಕೆ ಒಂದು ಬಿಲ್ಲೆ ಇಲ್ಲ.”

ಅಬ್ಬಾ ಪೇಟೆಯಲ್ಲಿ ಹುಡುಕಿಸಿದರು. ಸಿಗಲಿಲ್ಲ. ನಾನು ಅಂದು ಊಟದ ಡಬ್ಬಿ ಕೊಡಲು ಗ್ಯಾರೇಜಿಗೆ ಹೋದಾಗ ಅವರು ಸ್ಟೂಲಿನ ಮೇಲೆ ಹತ್ತಿ ಹಕ್ಕಿ ಬಿಲ್ಲೆಯನ್ನು ಇಳಿಸುತ್ತಿದ್ದರು. ಹಿಂದೆ ಟ್ಯೂಬಿನ ರಬ್ಬರು ಕತ್ತರಿಸಿ ಇಟ್ಟಾಗ ಅದು ಹಳ್ಳಕ್ಕೆ ಹೇಳಿ ಮಾಡಿಸಿದಂತೆ ಕೂತಿತು.

ಪಕ್ಕದ ಅಂಗಡಿಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಟಿಂಕರ್ ಅಣ್ಣ ಸುತ್ತಿಗೆ ಹಿಡಿದುಕೊಂಡೇ ಬಂದು ನಿಂತರು. ಅವರು ಹಳ್ಳಿಯ ರೈತರ ಮನೆಯವರು. ಅಬ್ಬಾರ ಜೊತೆ ಸಲಿಗೆ ಬಹಳ.

“ಉಸ್ತಾದ್, ಏನ್ರಿ ಇದು? ಗೋಡೆದು ಗಾಡಿಗೆ ಬಂದೈತೆ?”

“ಎರಡು ದಿನದ ಮಟ್ಟಿಗೆ.”

“ನಾಳೆ ನನ್ ಎಮ್ಮೆಗೂ ಒಂದು ಹೊಡೀರಿ. ಹಾಲು ಜಾಸ್ತಿ ಕೊಡ್ತದೇನೋ ನೋಡಾಣ.”

“ನಿನ್ನ ಎಮ್ಮೆಗೆ ಮೊದಲು ಬ್ರೇಕ್ ಹಾಕಿಸು. ಮೊನ್ನೆ ನನ್ನ ಸೈಕಲ್ ತುಳಿದು ಹೋಗೈತೆ.”

“ಅಲ್ರಿ, ಆ ಗಾಡಿ ಓಟ ಏನು, ಈ ಗಾಡಿ ಓಟ ಏನು! ಆ ಹಕ್ಕಿ ಗಾಳಿ ಕುಡಿದು ಬೆಳೆದಿದ್ದು. ಇದರ ಮೂತಿ ಮ್ಯಾಲೆ ಕೂತು ಇನ್ನು ತರಕಾರಿ ತರಾಕ್ ಹೋಗ್ಬೇಕು. ಪಾಪ ಅಲ್ವಾ?”

ಅಬ್ಬಾ ನಕ್ಕರು. ಆದರೆ ಬಿಲ್ಲೆಯನ್ನು ಒರೆಸುತ್ತಿದ್ದ ಬಟ್ಟೆ ಅರೆಗಳಿಗೆ ನಿಂತದ್ದನ್ನು ನಾನು ಕಂಡೆ.

ಮರುದಿನ ಮೊಳಕಾಲ್ಮೂರಿನವರು ಬಂದರು. ಹುಡುಗನ ತಂದೆ ಬಾಡಿಗೆ ಜೀಪಿನಿಂದ ಇಳಿದವರು ಮನೆಯ ಕಡೆ ಬಾರದೆ ನಮ್ಮ ಕಾರಿನ ಕಡೆ ನಡೆದರು. ಬಾಗಿ, ಬಿಲ್ಲೆಯ ಮೇಲೆ ಬೆರಳಾಡಿಸಿದರು. “ಹಕ್ಕಿ!” ಎಂದರು. ತಾವು ಹುಡುಗರಾಗಿದ್ದಾಗ ಚಳ್ಳಕೆರೆಯ ಸಾಹುಕಾರರೊಬ್ಬರು ಸೀರೆ ಕೊಳ್ಳಲು ಹಕ್ಕಿ ಗಾಡಿಯಲ್ಲಿ ತಮ್ಮ ಅಂಗಡಿಗೆ ಬಂದಿದ್ದರೆಂದೂ, ಮುಟ್ಟಲು ಹೋಗಿ ಡ್ರೈವರನಿಂದ ಬೈಸಿಕೊಂಡಿದ್ದಾಗಿಯೂ ಹೇಳಿದರು. ಅಬ್ಬಾ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮಿ ಒಳಗಿನಿಂದ ಶರಬತ್ತು ಆರುತ್ತದೆಂದು ಕರೆದರು. ಶರಬತ್ತು ಆರುವುದು ಹೇಗೆಂದು ಆ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ. ಊಟವಾಯಿತು, ಮಾತಾಯಿತು. ಹೊರಡುವ ಮುನ್ನ ಅವರು ಸಂಬಂಧ ಒಪ್ಪಿಗೆಯೆಂದು ಹೇಳಿ, ಹೋಗುವಾಗ ಮತ್ತೊಮ್ಮೆ ಹಕ್ಕಿಯನ್ನು ಮುಟ್ಟಿ ಹೋದರು.

ಕೆಲವು ದಿನಗಳ ನಂತರ ಮೊಳಕಾಲ್ಮೂರಿಗೆ ಹಿಂಡಿ ಸಾಗಿಸುವ ಲಾರಿಯ ಚಾಲಕರು ಎರಡು ಸುದ್ದಿ ತಂದರು. ಒಂದು, ಮದುವೆಯ ದಿನ ಮದುಮಗನನ್ನು ಕರೆತರಲು ಹಕ್ಕಿ ಇರುವ ಕಾರೇ ಬರಬೇಕೆಂದು ಹುಡುಗನ ತಂದೆಯ ಅಪೇಕ್ಷೆ. ಇನ್ನೊಂದು, “ನಿಮ್ ಬೀಗರ ಹತ್ರ ಫಾರಿನ್ ಕಾರು ಐತಂತೆ ಅಂತ ಪೇಟೆ ತುಂಬಾ ಮಾತು.”

ಅಬ್ಬಾ ಅಂದು ಊಟಕ್ಕೆ ಕೂತವರು ರೊಟ್ಟಿ ಮುರಿದು ಹಾಗೇ ಇಟ್ಟರು. “ನಾನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಬಿಲ್ಲೆ ಹೇಳಿಬಿಡ್ತು,” ಎಂದರು.

ಅವರ ಅಂಜಿಕೆ ನನಗೆ ಅರ್ಥವಾಗಿತ್ತು. ಫಾರಿನ್ ಕಾರಿನ ಮನೆಯೆಂದು ಒಪ್ಪಿಕೊಂಡವರು ತಗಡು ಬಿಲ್ಲೆಯ ಮನೆಯೆಂದು ತಿಳಿದ ಮೇಲೆ ಏನು ಮಾಡುವರು? ಸಂಬಂಧ ಎರಡನೆಯ ಬಾರಿ ಮುರಿದರೆ ಈ ಸಲ ಹೊರಬೀಳುವುದು ‘ಗ್ರೀಸ್ ಕೈ’ ಎಂಬ ಮಾತಲ್ಲ, ‘ಮೋಸದ ಮನೆ’ ಎಂಬ ಮಾತು. ಅಂಗಡಿಯಲ್ಲಿ ನಾನು ಟೈಪ್ ಮಾಡುತ್ತಿದ್ದ ಅರ್ಜಿಗಳಲ್ಲಿ ಅಕ್ಷರಗಳು ತಪ್ಪತೊಡಗಿದವು.

ಅಷ್ಟರಲ್ಲಿ ಹುಡುಗನ ತಾಯಿಯವರು ಮದುವೆಯ ಸೀರೆಯನ್ನು ಹುಡುಗಿಯೇ ಬಂದು ಆರಿಸಲಿ ಎಂದು ಹೇಳಿಕಳಿಸಿದರು. ಅಬ್ಬಾ, ಅಮ್ಮಿ, ನಾನು ಬಿಳಿ ಕಾರಿನಲ್ಲಿ ಹೊರಟೆವು. ಅಬ್ಬಾ ತಳಕು ಗ್ರಾಮ ದಾಟಿದ ಮೇಲೆ ಬೇವಿನ ಮರವೊಂದರ ಕೆಳಗೆ ಗಾಡಿ ನಿಲ್ಲಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಇಳಿದರು.

ಅಮ್ಮಿ ಕಿಟಕಿಯಿಂದ ತಲೆ ಹಾಕಿ, “ಈಗ ತೆಗೆದರೆ ಕಂಡದ್ದು ಕಾಣದ ಹಾಗಾಗುತ್ತಾ?” ಎಂದರು.

“ಇಟ್ಟುಕೊಂಡು ಹೋಗೋಕೆ ನನ್ನ ಕೈಲಾಗಲ್ಲ.”

“ಹಾಗಾದರೆ ಹೇಳಿಬಿಡಿ.”

“ಹೇಳ್ತೀನಿ.”

“ಹೇಳೋರಾದರೆ ತೆಗೀತೀರಾ ಯಾಕೆ?”

ಅಬ್ಬಾ ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಹೆದ್ದಾರಿಯ ಮೇಲಿನ ಹಾನಗಲ್ಲಿನಲ್ಲಿ ತಿರುಗಿ, ಬಂಡೆಗುಡ್ಡಗಳ ನಡುವೆ ಮೊಳಕಾಲ್ಮೂರು ಸೇರುವವರೆಗೂ ಗೇರು ಬದಲಿಸಿದ ಕೈ ಪ್ರತಿಸಲ ಒಮ್ಮೆ ಜೇಬು ಮುಟ್ಟಿ ಬರುತ್ತಿತ್ತು.

ಅಂಗಡಿಯ ಮುಂದೆ ಗಾಡಿ ನಿಂತ ಕೂಡಲೇ ಹುಡುಗನ ತಂದೆ ಹೊರಬಂದರು. ಅವರ ಕಣ್ಣು ಮೊದಲು ಬಿದ್ದದ್ದು ಮೂತಿಯ ಮೇಲೆ.

“ಅರೆ! ಹಕ್ಕಿ ಎಲ್ಲಿ ಭಾಯ್‌ಸಾಬ್? ದಾರೀಲಿ ಹಾರಿಹೋಯ್ತಾ?”

“ಸಡಿಲ ಆಗಿತ್ತು... ಜೇಬಲ್ಲಿ ಐತೆ,” ಎಂದರು ಅಬ್ಬಾ. ಅವರ ಹಣೆಯ ಮೇಲೆ ಬೆವರು ಕೂತಿತ್ತು.

ಒಳಗೆ ಕರೆದೊಯ್ದು ಹಾಸಿನ ಮೇಲೆ ಕೂರಿಸಿದರು. ಆಂಧ್ರದ ಕಡೆಯ ಗಿರಾಕಿಯೊಬ್ಬರಿಗೆ ತೆಲುಗಿನಲ್ಲಿ, ನೇಕಾರರಿಗೆ ಕನ್ನಡದಲ್ಲಿ, ನಮಗೆ ಉರ್ದುವಿನಲ್ಲಿ ಒಂದೇ ಉಸಿರಿನಲ್ಲಿ ಮಾತಾಡಿದರು. ಅನಂತರ ನನ್ನ ಮುಂದೆ ಎರಡು ಸೀರೆ ಬಿಚ್ಚಿದರು. ಎರಡೂ ನೇರಳೆ ಒಡಲು, ಹಳದಿ ಅಂಚು.

“ಇವೆರಡರಲ್ಲಿ ನಮ್ಮೂರದು ಯಾವುದು ಹೇಳು ಬೇಟಿ.”

ನನಗೆ ತಿಳಿಯಲಿಲ್ಲ. ಅವರು ಎರಡನ್ನೂ ಮಗುಚಿ ಹಾಕಿ, ಅಂಚು ಒಡಲಿಗೆ ಸೇರುವ ಕಡೆ ನನ್ನ ಬೆರಳು ಹಿಡಿದು ಇರಿಸಿದರು. ಒಂದರಲ್ಲಿ ಎಳೆಗೆ ಎಳೆ ಕೊಂಡಿ ಹಾಕಿದ್ದು ಬೆರಳಿಗೆ ಹತ್ತಿತು. ಇನ್ನೊಂದು ಕಾಗದದಂತೆ ನುಣುಪಾಗಿತ್ತು. ನುಣುಪಾಗಿದ್ದ ಸೀರೆಯ ಮೂಲೆಯಲ್ಲಿ ಮೊಳಕಾಲ್ಮೂರಿನ ಹೆಸರು ಅಚ್ಚಾದ ಚೀಟಿ ಅಂಟಿತ್ತು.

“ನೋಡಿದ್ರಾ ಭಾಯ್‌ಸಾಬ್? ಎಲ್ಲೋ ಮೆಷಿನ್ ಮೇಲೆ ನೇಯ್ದು, ಮೊಳಕಾಲ್ಮೂರು ಅಂತ ಅಂಟಿಸ್ಕೊಂಡು ಬರ್ತದೆ. ಕೈ ನಮ್ದಲ್ಲ, ಮಗ್ಗ ನಮ್ದಲ್ಲ, ಹೆಸರು ಮಾತ್ರ ನಮ್ದು! ಇದೊಂದನ್ನ ತೋರಿಸೋಕೆ ಅಂತ ಇಟ್ಕೊಂಡಿದೀನಿ, ಇಂಥವರನ್ನ ಅಂಗಡಿ ಮೆಟ್ಟಿಲು ಹತ್ತೋಕೂ ಬಿಡಲ್ಲ ನಾನು.” ಅವರು ಸಿಟ್ಟಿನಲ್ಲಿ ಆ ಸೀರೆಯನ್ನು ಅತ್ತ ತಳ್ಳಿದರು.

ನಾನು ಅಬ್ಬಾರ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಜೇಬಿನಿಂದ ಏನೋ ತೆಗೆಯುವ ಸದ್ದು ಮಾತ್ರ ಕೇಳಿಸಿತು. ಕರವಸ್ತ್ರ ಬಿಚ್ಚಿ ಅಬ್ಬಾ ಹಕ್ಕಿ ಬಿಲ್ಲೆಯನ್ನು ಆ ನುಣುಪಾದ ಸೀರೆಯ ಮೇಲೆಯೇ ಇಟ್ಟರು.

“ಭಾಯ್‌ಸಾಬ್, ನನ್ನದೂ ಇದೇ ಕೆಲಸ. ಅದು ಹಕ್ಕಿ ಗಾಡಿ ಅಲ್ಲ, ಮಾಮೂಲಿ ಗಾಡಿ. ಹಕ್ಕಿ ಗಾಡಿ ಗುಜರಿಗೆ ಹೋಗಿ ವರ್ಷಗಳಾದವು. ಇದು ಅದರ ಬಿಲ್ಲೆ. ನಮ್ಮ ಗಾಡಿ ಮೂತಿ ಖಾಲಿ ಇತ್ತು, ನೀವು ಬರ್ತೀರಂತ ಹಚ್ಚಿದೆ. ಅವತ್ತೇ ಹೇಳಬೇಕಿತ್ತು. ಫಾರಿನ್ ಕಾರು ನೋಡಿ ಹೂಂ ಅಂದಿದ್ದರೆ... ನಿಮ್ಮ ಮಾತು ನೀವು ವಾಪಸ್ ತಗೋಬಹುದು. ನನ್ನ ಮಗಳದು ಇದರಲ್ಲಿ ಏನೂ ಇಲ್ಲ.”

ಅಮ್ಮಿ ನನ್ನ ಮಣಿಕಟ್ಟನ್ನು ಹಿಡಿದಿದ್ದರು.

ಹುಡುಗನ ತಂದೆ ಬಿಲ್ಲೆಯನ್ನು ಎತ್ತಿಕೊಂಡು, ಸೀರೆಯನ್ನು ಮಗುಚಿದಂತೆಯೇ ಅದನ್ನೂ ಮಗುಚಿ ನೋಡಿದರು. ಹಿಂದೆ ಗೋಡೆಯ ಸುಣ್ಣ ಇನ್ನೂ ಅಂಟಿತ್ತು. ಅದನ್ನು ಉಗುರಿನಿಂದ ಕೆರೆದು ಜೋರಾಗಿ ನಕ್ಕುಬಿಟ್ಟರು.

“ಭಾಯ್‌ಸಾಬ್, ನಾನು ಸೀರೆ ಮಾರೋನು ನಿಜ, ಆದರೆ ಕಣ್ಣು ಮಾರ್ಕೊಂಡಿಲ್ಲ! ಹಕ್ಕಿ ಗಾಡಿಗೆ ನಾಲ್ಕು ಬಾಗಿಲು ಯಾವಾಗ ಬಂದ್ವು? ತಲೆ ಮೇಲೆ ತಗಡು ಯಾವಾಗ ಬಂತು? ಬಾಗಿ ನೋಡ್ದಾಗಲೇ ಗೊತ್ತಾಯ್ತು.”

ಅಬ್ಬಾ ಬಾಯಿ ಬಿಟ್ಟುಕೊಂಡೇ ಕೂತಿದ್ದರು. “ಮತ್ತೆ... ಹೂಂ ಅಂದಿರಿ?”

“ನಮ್ಮ ಸೀರೆ ಸಾಗಿಸೋ ವ್ಯಾನ್ ಎಲ್ಲಾ ರಿಪೇರಿ ಆಗೋದು ಚಳ್ಳಕೆರೆಯಲ್ಲೇ. ನಿಮ್ಮ ಸಾಲಿನ ಗೋಡೆ ಬಿಲ್ಲೆ ಕಥೆ ನಂಗೆ ಗೊತ್ತಿಲ್ವಾ? ಕೇಳಿದ್ರೆ ಸಿಗಲ್ಲ, ಮಾಲೀಕನೇ ತಂದುಕೊಡಬೇಕು. ಇಡೀ ಜಿಲ್ಲೆಗೆ ಒಂದೇ ಇದ್ದ ಗಾಡಿ ಬಿಲ್ಲೆ ನಿಮ್ಮ ಕೈಗೆ ಬಂದೈತೆ ಅಂದ್ರೆ ನೀವು ಎಂಥೋರು ಅಂತ ನಾನು ಬೇರೆಯವರನ್ನ ವಿಚಾರಿಸಬೇಕಾ? ಅದಕ್ಕೇ ಹೂಂ ಅಂದೆ. ಪೇಟೆಯೋರು ಫಾರಿನ್ ಕಾರು ಅಂದ್ರೆ ಅದಕ್ಕೆ ನಾನೇನು ಮಾಡ್ಲಿ?”

ಅಬ್ಬಾ ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಬಿಲ್ಲೆ ಸುತ್ತಿದ್ದ ಕರವಸ್ತ್ರವಾದ್ದರಿಂದ ಕೆನ್ನೆಗೆ ಕಪ್ಪು ಹತ್ತಿತು. ಅಮ್ಮಿ ನನ್ನ ಮಣಿಕಟ್ಟನ್ನು ಬಿಟ್ಟರು. ಅಲ್ಲಿ ಬಳೆಯ ಅಚ್ಚು ಮೂಡಿತ್ತು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದ ಕಾರಣ ಸೀರೆಗಳ ಕಡೆ ತಿರುಗಿ, ನೋಡುತ್ತಿರುವವಳಂತೆ ಕೂತೆ.

ಆದರೆ ಹುಡುಗನ ತಂದೆ ಅಷ್ಟಕ್ಕೇ ಬಿಡಲಿಲ್ಲ. ಬಿಲ್ಲೆಯನ್ನು ಅಬ್ಬಾರ ಕೈಗಿಟ್ಟು, “ಒಂದು ಮಾತು. ಇದರ ಜಾಗ ಗೋಡೆ. ಗಾಡಿ ಮೂತಿ ಅಲ್ಲ. ಈ ಚೀಟಿ ಅಂಟಿಸಿದೋನು ಹೆಸರು ಮಾರ್ತಾನೆ, ನೀವು ಮಾರಲಿಲ್ಲ, ಅಷ್ಟೇ ವ್ಯತ್ಯಾಸ. ಆದ್ರೂ ಹಚ್ಚಿದ್ದು ತಪ್ಪೇ,” ಎಂದರು.

“ಇವತ್ತೇ ಗೋಡೆಗೆ ಹಾಕ್ತೀನಿ.”

“ಇವತ್ತಲ್ಲ! ಮದುವೆ ಆಗ್ಲಿ. ಚಿಕ್ಕಂದಿನಲ್ಲಿ ಬೈಸ್ಕೊಂಡಿದೀನಿ. ನನ್ನ ಮಗ ಅದರ ಹಿಂದೆ ಕೂತು ಬರೋದನ್ನ ನೋಡಬೇಕು.”

ಹಿಂದಿರುಗಿದ ಮರುದಿನ ಅಬ್ಬಾ ಗಿರಣಿಗೆ ಹೋಗಿ ಸಾಹುಕಾರರ ಮುಂದೆಯೂ ವಿಷಯವನ್ನು ಇಟ್ಟರು. ಕೊಟ್ಟವರ ಅನುಮತಿ ಇಲ್ಲದೆ ಇನ್ನು ಒಂದು ದಿನವೂ ಹಚ್ಚುವುದಿಲ್ಲವೆಂದು ಅವರ ಹಟ.

“ಗೋಡೆಗೆ ಅಂತ ಕೊಟ್ಟಿದ್ದೆ ಸಾಬ್ರೆ, ಬ್ಯಾಸ್ರ ಆಯ್ತು,” ಎಂದರಂತೆ ಸಾಹುಕಾರರು. ಆಮೇಲೆ, “ಇಬ್ರೇ ಕೂರೋ ಗಾಡಿ ಅಂತ ನಮ್ಮನೆ ಮದುವೆಗೂ ಅದು ಹೋಗಿರಲಿಲ್ಲ. ಹಕ್ಕಿನಾದ್ರೂ ಒಂದು ದಿಬ್ಬಣ ನೋಡ್ಲಿ, ತಗೊಂಡ್ಹೋಗ್ರಿ,” ಎಂದರಂತೆ.

ಆ ಪ್ರಕಾರ ಮದುಮಗ ಬಿಳಿ ಕಾರಿನಲ್ಲಿ ಬಂದರು. ಮಲ್ಲಿಗೆಯ ಸರಗಳ ನಡುವೆ ಹಕ್ಕಿ ಮಾತ್ರ ಹೊರಗೆ ಕಾಣುತ್ತಿತ್ತು. ಹುಡುಗನ ತಂದೆ, ಅಂದರೆ ನನ್ನ ಮಾವನವರು, ಹಿಂದಿನ ಜೀಪು ಬಿಟ್ಟು ಕಾರಿನಲ್ಲಿ ಚಾಲಕರ ಪಕ್ಕ ಕೂತಿದ್ದರು. ಸಾಹುಕಾರರು ಊಟ ಮುಗಿಸಿ ಹೋಗುವಾಗ ಸರವನ್ನು ಸರಿಸಿ ಬಿಲ್ಲೆಯನ್ನು ಟವೆಲಿನ ತುದಿಯಿಂದ ಒರೆಸಿದ್ದನ್ನು ಅಮ್ಮಿ ಕಂಡರಂತೆ. ಮರುದಿನವೇ ಅದು ಗೋಡೆಗೆ ಹಿಂದಿರುಗಿತು. ಕಾರಿನ ಹಳ್ಳಕ್ಕೆ ಏನು ಮಾಡುವುದೆಂಬ ಪ್ರಶ್ನೆ ಬಂದಾಗ ಅಮ್ಮಿ ಒಗ್ಗರಣೆ ಡಬ್ಬಿಯ ಮುಚ್ಚಳವನ್ನು ತಂದು ಇಟ್ಟರು, ಸರಿಯಾಗಿ ಕೂತಿತು. “ಈಗ ಒಪ್ತದೆ ನೋಡ್ರಿ, ಉಸ್ತಾದ್. ತರಕಾರಿ ಗಾಡಿಗೆ ಸಾಸಿವೆ ಮುಚ್ಚಳ!” ಎಂದು ಟಿಂಕರ್ ಅಣ್ಣ ತಾವೇ ಬೆಸೆದುಕೊಟ್ಟರು.

ಇದೆಲ್ಲ ಈಗ ನೆನಪಾಗಲು ಕಾರಣವನ್ನೂ ತಿಳಿಸುತ್ತೇನೆ. ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಎರಡು ಸಾವಿರದ ಇಸವಿ ದಾಟಿದ ಬಳಿಕ, ನನ್ನ ಪತಿ ಅಂಗಡಿಯಲ್ಲಿ ಪತ್ರಿಕೆಯ ಸುದ್ದಿಯೊಂದನ್ನು ಓದಿ ಹೇಳಿದರು. ಪರದೇಶದ ಹಳೆಯ ಓಟದ ಕಾರಿನ ಹೆಸರೊಂದು ಕೈಯಿಂದ ಕೈಗೆ ಮಾರಾಟವಾಗಿ, ಈಗ ಸಂಸಾರಸ್ಥರ ಸಾಮಾನ್ಯ ಕಾರುಗಳಿಗೆ ಅದೇ ಬಿಲ್ಲೆ ಹಚ್ಚುತ್ತಾರಂತೆ. ನಮ್ಮ ಹಕ್ಕಿಯೇ ಅದು ಹೌದೋ ಅಲ್ಲವೋ ತಿಳಿಯದು. ಮಾವನವರು ಕೂಡಲೇ ಸೀರೆಯ ಚೀಟಿಯ ಮಾತು ಎತ್ತಿದರು. ಪತಿಯವರು, ಕಾರು ಚೆನ್ನಾಗಿದ್ದು ಕೊಂಡವರಿಗೆ ಖುಷಿಯಾದರೆ ಯಾರಿಗೇನು ನಷ್ಟ ಎಂದರು. ಅಂದು ನಮ್ಮನ್ನು ನೋಡಲು ಬಂದಿದ್ದ ಅಬ್ಬಾ ಇಬ್ಬರ ಮಾತನ್ನೂ ಕೇಳಿ, “ಆ ಬಿಲ್ಲೆನ ಅವರಿಗೆ ತಂದುಕೊಟ್ಟವರು ಯಾರು ಅಂತ ಪೇಪರ್‌ನಲ್ಲಿ ಬರೆದೈತಾ?” ಎಂದು ಕೇಳಿದರು. ಬರೆದಿರಲಿಲ್ಲ. ವಾದ ಚಹಾ ತಣ್ಣಗಾಗುವವರೆಗೂ ನಡೆಯಿತು, ತೀರ್ಮಾನವಾಗಲಿಲ್ಲ.

ನನ್ನ ಅಭಿಪ್ರಾಯವನ್ನೂ ಸಲ್ಲಿಸಬೇಕಾದಲ್ಲಿ, ನಾನು ಮಾವನವರ ಪಕ್ಷವೇ. ಓಡಿದ ಗಾಡಿಯ ಬಿಲ್ಲೆ ಓಡಿದ ಗಾಡಿಯದು. ಆದರೂ ಅಂದು ಅದು ನಮ್ಮ ಕಾರಿನ ಮೂತಿಯ ಮೇಲೆ ಇರದಿದ್ದರೆ ಮಾವನವರು ಬಾಗಿ ನೋಡುತ್ತಿರಲಿಲ್ಲ. ನಾನು ಚಳ್ಳಕೆರೆಯಲ್ಲಿಯೇ ಇತರರ ಅರ್ಜಿಗಳನ್ನು ಟೈಪ್ ಮಾಡುತ್ತಾ ಇರುತ್ತಿದ್ದೆ. ಆದಕಾರಣ ಈ ಪ್ರಕರಣದಲ್ಲಿ ನಾನು ನಿಷ್ಪಕ್ಷಪಾತಿಯಲ್ಲವೆಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ. ತವರಿಗೆ ಹೋದಾಗಲೆಲ್ಲ ಗ್ಯಾರೇಜಿಗೆ ಹೋಗಿ, ಬಿಲ್ಲೆ ಗೋಡೆಯ ಮೇಲೆಯೇ ಇರುವುದನ್ನು ನೋಡಿ ಬರುತ್ತೇನೆ. ಅಬ್ಬಾ ಈಗ ಊಟಕ್ಕೆ ಮುಂಚೆ ಸೋಪಿನಲ್ಲಿ ಒಮ್ಮೆ ಮಾತ್ರ ಕೈ ತೊಳೆಯುತ್ತಾರೆ.

ಬರೆದದ್ದನ್ನು ನಾನು ಎರಡು ಸಾರಿ ಓದಿ ನೋಡಿದ್ದೇನೆ. ಆದಾಗ್ಯೂ ಕಣ್ಣು ತಪ್ಪಿಸಿಕೊಂಡ ದೋಷಗಳು ಇದ್ದೇ ಇರುತ್ತವೆ. ಅಂಥವು ಕಂಡುಬಂದಲ್ಲಿ ಓದುಗರು ಕೆಂಪು ಶಾಯಿಯಲ್ಲಿಯೇ ಆಗಲಿ ತಿದ್ದಿ ತಿಳಿಸಬೇಕೆಂದು ಕೋರುತ್ತೇನೆ, ನಾನು ಬೇಸರಪಟ್ಟುಕೊಳ್ಳುವುದಿಲ್ಲ.